ಕಟ್ಟಿಗೆಯ ತಿರುಳಿಗೆ ಕಿಣ್ವದ ಸಂಸ್ಕಾರ

ಹಾವೇರಿಯಿಂದ ಬ್ಯಾಡಗಿ, ರಾಣೇಬೆನ್ನೂರುಗಳನ್ನು ಹಾಯ್ದು ಹರಿಹರಕ್ಕೆ ಹೋಗುವ ರೈಲುದಾರಿಯ ಸೀಮೆಯಲ್ಲಿ ಗೋವಿನಜೋಳ, ಹತ್ತಿ, ಮೆಣಸಿನಕಾಯಿಗಳ ಹೊಲಗಳ ನಡುನಡುವೆ ನೀಲಗಿರಿಯ ತೋಪುಗಳೂ ಕಾಣಬರುತ್ತವೆ. ನೀಲಗಿರಿಯ ಕಟ್ಟಿಗೆಯಿಂದ ತಿರುಳು ತೆಗೆಯುವ ಹರಿಹರ ಪಾಲಿಫೈಬರ್ಸ್ ಎಂಬ ದೊಡ್ಡ ಕಾರ್ಖಾನೆಯು ರಾಣೇಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, 1972ರಿಂದ ನಡೆದಿರುತ್ತದೆ. ಅಲ್ಲಿ ಆಗುವುದು ರೇಯಾನ್ ನಾರಿನ ತಿರುಳು, ಕಾಗದದ ತಿರುಳಲ್ಲ. ಆದರೂ ಬೇಯಿಸುವ, ತೊಳೆಯುವ, ಬಿಳುಪುಮಾಡುವ ಕ್ರಮವು ಬಹುಮಟ್ಟಿಗೆ ಒಂದೇ. ಆದಕಾರಣ ಕಾಗದದ ಗಿರಣಿಗಳಲ್ಲಿ ಬಳಕೆಗೆ ಬಂದಿರುವ ಕಿಣ್ವಸಂಸ್ಕಾರದ ವಿಷಯವನ್ನು ಈ ಭಾಗದ ಒಕ್ಕಲುಮಕ್ಕಳು ಅರಿತಿರುವುದು ಒಳ್ಳೆಯದು. ಕಟ್ಟಿಗೆ ಬೆಳೆಯುವವರು ಅವರು. ಹೊಳೆಯ ನೀರನ್ನು ಹೊಲಕ್ಕೆ ಹಾಯಿಸುವವರೂ ಅವರೇ.

ಕಟ್ಟಿಗೆಯಲ್ಲಿ ಮುಖ್ಯವಾಗಿ ಮೂರು ಪದಾರ್ಥಗಳುಂಟು. ನಾರಿನ ಸಾರವಾದ ಸೆಲ್ಯುಲೋಸು ಸುಮಾರು ಶೇಕಡಾ 40ರಿಂದ 50. ನಾರುಗಳನ್ನು ಅಂಟಿನಂತೆ ಬಿಗಿದಿಡುವ ಲಿಗ್ನಿನ್ ಶೇಕಡಾ 20ರಿಂದ 30. ಉಳಿದುದರಲ್ಲಿ ಹೆಚ್ಚಿನ ಪಾಲು ಹೆಮಿಸೆಲ್ಯುಲೋಸು. ನೀಲಗಿರಿಯಲ್ಲಿ ಇದು ಬಹುತೇಕ ಕ್ಸೈಲಾನ್ ರೂಪದಲ್ಲಿರುತ್ತದೆ. ಕಾಸ್ಟಿಕ್ ಸೋಡಾ, ಸೋಡಿಯಂ ಸಲ್ಫೈಡುಗಳ ದ್ರಾವಣದಲ್ಲಿ ಕಟ್ಟಿಗೆಯ ಚಕ್ಕೆಗಳನ್ನು 160–170 ಡಿಗ್ರಿ ಸೆಂಟಿಗ್ರೇಡ್ ಶಾಖಕ್ಕೆ ಬೇಯಿಸಿದರೆ ಲಿಗ್ನಿನ್ ಬಹಳಷ್ಟು ಕರಗಿಹೋಗುತ್ತದೆ. ತಿರುಳಿನ ಕಂದುಬಣ್ಣಕ್ಕೆ ಉಳಿದ ಸ್ವಲ್ಪವೇ ಕಾರಣ. ಅದನ್ನು ತೆಗೆಯಲು ಕ್ಲೋರಿನ್ ಹಾಕಿದಾಗ ಅದು ಲಿಗ್ನಿನ್ನೊಡನೆ ಕೂಡಿ, ಬೇಗನೆ ಕೊಳೆಯದ, ಮೀನುಗಳಿಗೆ ವಿಷಕರವಾದ ಪದಾರ್ಥಗಳು ಹುಟ್ಟುತ್ತವೆ.

ಕಿಣ್ವದ ಉಪಯೋಗವಿರುವುದು ಇಲ್ಲಿಯೇ. ಕಿಣ್ವವೆಂದರೆ ಜೀವಿಗಳಲ್ಲಿ ಉತ್ಪನ್ನವಾಗುವ ಒಂದು ಬಗೆಯ ಪ್ರೋಟೀನು. ತಾನು ವೆಚ್ಚವಾಗದೆ ಒಂದು ನಿಶ್ಚಿತ ಮಾರ್ಪಾಟನ್ನು ತ್ವರೆಗೊಳಿಸುತ್ತದೆ. ಮೊಳೆತ ರಾಗಿಯ ಹಿಟ್ಟು ಸಿಹಿಯಾಗುವುದೂ ಬದುವಿನಲ್ಲಿ ಬಿದ್ದ ಕೊರಡು ಅಣಬೆಯೆದ್ದು ಪುಡಿಯಾಗುವುದೂ ಕಿಣ್ವಗಳ ಕೆಲಸವೇ. ಕ್ಸೈಲಾನನ್ನು ಕತ್ತರಿಸುವ ಕಿಣ್ವಕ್ಕೆ ಕ್ಸೈಲನೇಸ್ ಎಂದು ಹೆಸರು. ಬೇಯುವಾಗ ಕರಗಿದ ಕ್ಸೈಲಾನಿನಲ್ಲಿ ಕೆಲವಂಶ ತಿರುಗಿ ನಾರಿನ ಮೇಲೆ ಪೊರೆಯಾಗಿ ಕೂಡುತ್ತದೆ. ಕಿಣ್ವವು ಅದನ್ನು ಸಡಿಲಿಸಿದರೆ ಬಿಳುಪಿನ ಮದ್ದು ಲಿಗ್ನಿನ್ನನ್ನು ಸುಲಭವಾಗಿ ಮುಟ್ಟುತ್ತದೆ. ಫಿನ್ಲೆಂಡಿನ ವಿಜ್ಞಾನಿಗಳು 1986ರಲ್ಲಿ ಇದನ್ನು ತೋರಿಸಿಕೊಟ್ಟ ಬಳಿಕ, ಇದನ್ನು ಕೈಕೊಂಡ ಗಿರಣಿಗಳಲ್ಲಿ ಕ್ಲೋರಿನ್ನಿನ ಖರ್ಚು ಸಾಮಾನ್ಯವಾಗಿ ಶೇಕಡಾ 10ರಿಂದ 25ರಷ್ಟು ಇಳಿದಿರುತ್ತದೆ. ರೇಯಾನಿನ ತಿರುಳಿಗಾದರೆ ಕ್ಸೈಲಾನೇ ಒಂದು ಕಲ್ಮಷ. ಅದು ಕಡಿಮೆಯಾದಷ್ಟೂ ಮೇಲು.

ಆದರೆ ಇದು ಮಂತ್ರವೇನೂ ಅಲ್ಲ. ಸಾಧಾರಣ ಕಿಣ್ವಗಳು ಬಹಳ ಕಾವನ್ನೂ ಕ್ಷಾರವನ್ನೂ ತಾಳಲಾರವು. ತಿರುಳನ್ನು 50–60 ಡಿಗ್ರಿಗೆ ಆರಿಸಿ, ಆಮ್ಲದಿಂದ ಹದಮಾಡಿ, ಒಂದರಿಂದ ಮೂರು ತಾಸು ಇಡಬೇಕು. ಸೆಲ್ಯುಲೋಸನ್ನೇ ತಿನ್ನುವ ಕಿಣ್ವ ಬೆರೆತಿದ್ದರಂತೂ ನಾರಿನ ಬಲವೇ ಕುಗ್ಗುವುದು.

ಕ್ಸೈಲನೇಸನ್ನು ಪಡೆಯಲು ಬೂಷ್ಟುಗಳನ್ನು ಗೋದಿಯ ತವುಡಿನ ಮೇಲೂ ಕಾಳು ಬಿಡಿಸಿದ ಗೋವಿನಜೋಳದ ದಿಂಡಿನ ಪುಡಿಯ ಮೇಲೂ ಬೆಳೆಸುವುದುಂಟು. ದಿಂಡಿನಲ್ಲಿ ಕ್ಸೈಲಾನ್ ಹೇರಳ. ಗೋವಿನಜೋಳಕ್ಕೆ ಹೆಸರಾದ ಹಾವೇರಿ ಸೀಮೆಯಲ್ಲಿ ಈ ದಿಂಡು ಒಲೆಗೆ ಹೋಗುತ್ತಿರುವುದನ್ನು ನೋಡಿದರೆ, ಅದಕ್ಕೆ ಇದಕ್ಕಿಂತ ಹೆಚ್ಚಿನ ಬೆಲೆ ಬರಬೇಕಾಗಿತ್ತೆಂದು ನಮಗೆ ತೋರುತ್ತದೆ.

ಕಿಣ್ವದಿಂದ ಕಟ್ಟಿಗೆಯ ಬೇಡಿಕೆ ಇಳಿಯುವುದಿಲ್ಲ. ಒಂದು ಟನ್ ರೇಯಾನ್ ತಿರುಳಿಗೆ ಎರಡೂವರೆ ಟನ್ನಿನಷ್ಟು ಒಣಕಟ್ಟಿಗೆ ಬೇಕೇಬೇಕು. ಹಿಂದೆ ಸಾಮುದಾಯಿಕ ಭೂಮಿಯಲ್ಲಿ ನೀಲಗಿರಿ ಬೆಳೆಸುವ ಯೋಜನೆಗೆ ವಿರೋಧವಾಗಿ 1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆದುದೂ, ಅದಕ್ಕಾಗಿ 1984ರಲ್ಲಿ ಹುಟ್ಟಿದ ಕರ್ನಾಟಕ ಪಲ್ಪ್‌ವುಡ್ ಕಂಪನಿ 1991ರಲ್ಲಿ ಮುಚ್ಚಿದುದೂ ಹಿರಿಯರಿಗೆ ನೆನಪಿರಬಹುದು.

ಇನ್ನೊಂದು ಮಾತು. ಕಿಣ್ವವು ಕ್ಲೋರಿನ್ನಿನ ವಿಷವನ್ನು ತಗ್ಗಿಸೀತು, ಸೋಡಾದ ಉಪ್ಪನ್ನಲ್ಲ. ನೀರಿನಲ್ಲಿ ಸೋಡಿಯಂ ಹೆಚ್ಚಿದರೆ ಎರೆಮಣ್ಣಿನ ಕಣಗಳು ಚದುರಿ, ನೆಲ ಗಟ್ಟಿಕಟ್ಟಿ, ನೀರು ಇಂಗದಂತಾಗುತ್ತದೆ. ಕುಮಾರಪಟ್ಟಣದಿಂದ ಕೆಳಗೆ, ವರದೆಯು ಬಂದು ಸೇರುವ ಗಳಗನಾಥದ ತನಕ, ಹೊಳೆಯಿಂದ ನೀರೆತ್ತುವ ರೈತರು ಬೇಸಗೆಯಲ್ಲಿ ಹೊಳೆ ಸೊರಗಿದಾಗ ಪಂಪಿನ ನೀರನ್ನು ಸ್ವಚ್ಛವಾದ ಬಾಟಲಿಯಲ್ಲಿ ತುಂಬಿ, ಮಣ್ಣು-ನೀರು ಪರೀಕ್ಷಾಲಯಕ್ಕೆ ಕೊಟ್ಟು, ಸೋಡಿಯಮ್ಮಿನ ಪ್ರಮಾಣವನ್ನು ತಿಳಿದುಕೊಳ್ಳತಕ್ಕದ್ದು.