ಎಕ್ಸ್‌ಪ್ರೆಸ್‌ವೇ ಬಂತು, ಕೆಜಿಎಫ್‌ಗೆ ಬಾಗಿಲು ತೆರೆಯಿತೆ?

ಬೆಂಗಳೂರು: 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳಿಗೆ ಬೀಗ ಬಿದ್ದ ನಂತರ ಕೋಲಾರ ಚಿನ್ನದ ಗಣಿ ಪ್ರದೇಶದ ಸಮೀಪಕ್ಕೆ ಬಂದಿರುವ ಅತಿ ದೊಡ್ಡ ಯೋಜನೆ ಎಂದರೆ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಮಾರ್ಗವಾಗಿ ಬೇತಮಂಗಲದತ್ತ ಸಾಗುವ ಇದರ ಕರ್ನಾಟಕದ ಭಾಗ, ಸುಮಾರು 71 ಕಿ.ಮೀ., 2024ರ ಡಿಸೆಂಬರ್‌ನಲ್ಲಿ ಸಂಚಾರಕ್ಕೆ ತೆರೆಯಿತು. ರಸ್ತೆ ಬಂದರೆ ಉದ್ಯಮ ಬರುತ್ತದೆ, ಉದ್ಯಮ ಬಂದರೆ ಊರು ಉದ್ಧಾರವಾಗುತ್ತದೆ ಎಂಬ ಮಾತು ಜಿಲ್ಲೆಯಲ್ಲಿ ಧಾರಾಳವಾಗಿ ಕೇಳಿಬರುತ್ತಿದೆ. ಆದರೆ ಎಕ್ಸ್‌ಪ್ರೆಸ್‌ವೇ ಸಾಮಾನ್ಯ ಹೆದ್ದಾರಿಯಂತಲ್ಲ. ಇಕ್ಕೆಲಗಳಲ್ಲಿ ಬೇಲಿ ಇರುವ ಈ ರಸ್ತೆಗೆ ಎಲ್ಲೆಂದರಲ್ಲಿ ಹತ್ತಲು, ಇಳಿಯಲು ಅವಕಾಶವಿಲ್ಲ. ಊರಿಗೂ ರಸ್ತೆಗೂ ಇರುವ ಸಂಬಂಧವೆಲ್ಲ ಇಂಟರ್‌ಚೇಂಜ್ ಎಂಬ ಒಂದು ಬಾಗಿಲಿನ ಮೂಲಕವೇ ನಡೆಯಬೇಕು. ಆ ಬಾಗಿಲು ಎಲ್ಲಿದೆ, ಅಲ್ಲಿ ತೆರಬೇಕಾದ ಶುಲ್ಕ ಎಷ್ಟು, ಬಾಗಿಲಿನಿಂದ ಊರಿನವರೆಗಿನ ದಾರಿ ಹೇಗಿದೆ ಎಂಬ ಮೂರು ಪ್ರಶ್ನೆಗಳಿಗೆ ದೊರೆಯುವ ಉತ್ತರದ ಮೇಲೆ ಕೆಜಿಎಫ್‌ನ ಲಾಭ ನಷ್ಟ ನಿಂತಿದೆ.

ಈ ಮಾತು ಊಹೆಯಲ್ಲ ಎಂಬುದಕ್ಕೆ ಸಾಕ್ಷಿ ರಾಜಧಾನಿಯ ಇನ್ನೊಂದು ದಿಕ್ಕಿನಲ್ಲಿಯೇ ಇದೆ.

ದಶಪಥದ ಪಾಠ

ಸುಮಾರು 8,480 ಕೋಟಿ ರೂಪಾಯಿ ವೆಚ್ಚದ, 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಮಂಡ್ಯ ಜಿಲ್ಲೆಯಲ್ಲಿ ಉದ್ಘಾಟಿಸಿದರು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬೈಪಾಸ್‌ಗಳು ಬದಿಗೆ ಸರಿಸಿದವು. ಪ್ರಯಾಣದ ಅವಧಿ ಮೂರು ಗಂಟೆಯಿಂದ ಒಂದೂಕಾಲು ಗಂಟೆಗೆ ಇಳಿಯುವುದೆಂದು ಸರ್ಕಾರ ಘೋಷಿಸಿತು. ಮೈಸೂರಿಗೆ ಹೋಗುವವರಿಗೆ ಅದು ವರವೇ ಸರಿ. ಆದರೆ ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಬೊಂಬೆ, ಮದ್ದೂರಿನ ವಡೆ, ಮಂಡ್ಯದ ಬೆಲ್ಲ – ಇವೆಲ್ಲ ದಾರಿಹೋಕರನ್ನು ನೆಚ್ಚಿ ಬೆಳೆದ ವ್ಯಾಪಾರಗಳು. ದಾರಿಹೋಕರು ಬೇರೆ ದಾರಿ ಹಿಡಿದ ಕೂಡಲೇ ಹಳೆಯ ರಸ್ತೆಯ ಅಂಗಡಿಗಳಿಂದ ವ್ಯಾಪಾರ ಕುಸಿಯಿತೆಂಬ ಅಳಲು ಕೇಳಿಬಂತು.

ಇಲ್ಲಿ ಬೈಪಾಸ್ ಮಾತ್ರವೇ ಅಪರಾಧಿಯಲ್ಲ. ಪಟ್ಟಣದ ನಡುವೆ ಲಾರಿಗಳ ಸಾಲು ಹರಿಯುತ್ತಿದ್ದ ಕಾಲವನ್ನು ಯಾರೂ ಮರಳಿ ಬಯಸಲಾರರು. ತೊಡಕಿರುವುದು ಹತ್ತುವ ಇಳಿಯುವ ವ್ಯವಸ್ಥೆಯಲ್ಲಿ. ಬಹುತೇಕ ಕಡೆ ಸರಿಯಾದ ಇಂಟರ್‌ಚೇಂಜ್‌ಗೆ ಬದಲಾಗಿ ಸರ್ವಿಸ್ ರಸ್ತೆಯಿಂದ ಮುಖ್ಯಪಥಕ್ಕೆ ಕಿಂಡಿಗಳನ್ನು ಬಿಡಲಾಯಿತು. ವೇಗವಾಗಿ ಬರುವ ಕಾರಿನ ಚಾಲಕನಿಗೆ ಚನ್ನಪಟ್ಟಣದ ದಾರಿ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಹಿಂದೆ ಸರಿದಿರುತ್ತದೆ. ಅಪಘಾತಗಳು ಹೆಚ್ಚಿದಾಗ, 2023ರ ಜುಲೈನಲ್ಲಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ತಜ್ಞರ ಸಮಿತಿಯನ್ನು ಕಳಿಸಿ ರಸ್ತೆಯನ್ನು ಪರಿಶೀಲಿಸಬೇಕಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯಪಥದಲ್ಲಿ ನಿಷೇಧ ಬಂತು. ಅಂದರೆ ರಸ್ತೆಗೆ ಜಮೀನು ಬಿಟ್ಟುಕೊಟ್ಟ ಹಳ್ಳಿಗಳ ಹೆಚ್ಚಿನ ವಾಹನಗಳಿಗೆ ಆ ರಸ್ತೆಯೇ ದೂರವಾಯಿತು.

ಶುಲ್ಕದ ಲೆಕ್ಕವೂ ಬಾಗಿಲನ್ನು ಕಿರಿದಾಗಿಸುತ್ತದೆ. ಈ ಹೆದ್ದಾರಿಯಲ್ಲಿ ಬೆಂಗಳೂರಿನಿಂದ ನಿಡಘಟ್ಟದವರೆಗಿನ 56 ಕಿ.ಮೀ.ಗೆ ಕಣಿಮಿಣಿಕೆ ಮತ್ತು ಶೇಷಗಿರಿಹಳ್ಳಿಯಲ್ಲಿ, ಅಲ್ಲಿಂದ ಮೈಸೂರಿನವರೆಗಿನ ಭಾಗಕ್ಕೆ ಗಣಂಗೂರಿನಲ್ಲಿ ಟೋಲ್ ವಸೂಲಾಗುತ್ತದೆ. ಇದಕ್ಕೆ ‘ತೆರೆದ ಪದ್ಧತಿ’ ಎಂದು ಹೆಸರು. ಟೋಲ್ ಕೇಂದ್ರವನ್ನು ದಾಟಿದವರು ಇಡೀ ಭಾಗಕ್ಕೆ ಹಣ ತೆರಬೇಕು, ದಾಟದವರು ಏನೂ ತೆರಬೇಕಾಗಿಲ್ಲ. ಹೀಗಾಗಿ ಬೆಂಗಳೂರಿನಿಂದ ಹೊರಟು ಮುಖ್ಯಪಥದಲ್ಲಿ ಬಿಡದಿಗಷ್ಟೇ ಹೋಗುವವರು ನಿಡಘಟ್ಟದವರೆಗಿನ ಶುಲ್ಕ ಕೊಡುತ್ತಾರೆ. ಮದ್ದೂರಿನಿಂದ ಮಂಡ್ಯಕ್ಕೆ ಹೋಗುವವರು ಪುಕ್ಕಟೆಯಾಗಿ ಸಾಗುತ್ತಾರೆ. ಸಮೀಪದ ಊರಿನ ಸರಕು ಸಾಗಣೆಗೆ ದಂಡ, ದೂರದ ಪ್ರಯಾಣಕ್ಕೆ ಅನುಕೂಲ ಎಂಬಂತಾಗಿದೆ.

‘ಮುಚ್ಚಿದ ಪದ್ಧತಿ’ಯಲ್ಲಿ ಹಾಗಲ್ಲ. ಹತ್ತುವ ಬಾಗಿಲಲ್ಲಿ ವಾಹನ ದಾಖಲಾಗುತ್ತದೆ, ಇಳಿಯುವ ಬಾಗಿಲಲ್ಲಿ ಸಾಗಿದ ದೂರಕ್ಕೆ ತಕ್ಕ ಶುಲ್ಕ ಕಡಿತವಾಗುತ್ತದೆ. ದೆಹಲಿಯ ಹೊರವಲಯದಲ್ಲಿ 2018ರಲ್ಲಿ ತೆರೆದ 135 ಕಿ.ಮೀ. ಉದ್ದದ ಪೂರ್ವ ಪೆರಿಫೆರಲ್ ಎಕ್ಸ್‌ಪ್ರೆಸ್‌ವೇಯಲ್ಲಿ ಈ ಪದ್ಧತಿ ಇದೆ. ರಾಷ್ಟ್ರೀಯ ಹೆದ್ದಾರಿಗಳ 2008ರ ಶುಲ್ಕ ನಿಯಮಗಳಲ್ಲಿಯೂ ಇದಕ್ಕೆ ಅವಕಾಶವಿದೆ.

ಕಹಳೆ ಏಕೆ ಬೇಕಿತ್ತು?

ಇಷ್ಟು ಸರಳವಾಗಿದ್ದರೆ ಪ್ರತಿ ಊರಿಗೂ ಒಂದು ಬಾಗಿಲು ಇಡಬಹುದಿತ್ತಲ್ಲ ಎಂಬ ಪ್ರಶ್ನೆ ಸಹಜ. ಅಡ್ಡಿಯಾಗಿದ್ದುದು ಹಣ ಮತ್ತು ಜಮೀನು. ಶುಲ್ಕವಿಲ್ಲದ ರಸ್ತೆಯಾದರೆ ನಾಲ್ಕು ಇಳಿಜಾರು ರಸ್ತೆಗಳನ್ನು ನಾಲ್ಕು ಕಡೆಯಿಂದ ಸ್ಥಳೀಯ ರಸ್ತೆಗೆ ತಂದು ಕೂಡಿಸಿದರೆ ಕೆಲಸ ಮುಗಿಯಿತು. ಟೋಲ್ ರಸ್ತೆಯಲ್ಲಿ ಹಾಗೆ ಮಾಡಿದರೆ ನಾಲ್ಕು ಕಡೆಯೂ ವಸೂಲಿಗಾರರನ್ನು ಕೂರಿಸಬೇಕು, ಅದೂ ಮೂರು ಪಾಳಿಯಲ್ಲಿ. ಆದ್ದರಿಂದ ಎಂಜಿನಿಯರುಗಳು ಹತ್ತುವ ಇಳಿಯುವ ಎಲ್ಲ ರಸ್ತೆಗಳನ್ನೂ ಸುತ್ತಿಸಿ ಬಳಸಿ ಒಂದೇ ವಸೂಲಿ ಕೇಂದ್ರಕ್ಕೆ ತರುವ ವಿನ್ಯಾಸವನ್ನು ಬಳಸಿದರು. ಮೇಲಿನಿಂದ ನೋಡಿದರೆ ಕಹಳೆಯಂತೆ ಕಾಣುವುದರಿಂದ ಅದಕ್ಕೆ ಕಹಳೆ ಇಂಟರ್‌ಚೇಂಜ್ ಎಂದೇ ಹೆಸರು. ಸಿಬ್ಬಂದಿ ಉಳಿಯಿತು, ಆದರೆ ಎಕರೆಗಟ್ಟಲೆ ಜಮೀನು ಹೋಯಿತು. ಒಂದೊಂದಕ್ಕೂ ಇಷ್ಟು ವೆಚ್ಚವಾದರೆ ಬಾಗಿಲುಗಳ ಸಂಖ್ಯೆ ತಾನಾಗಿಯೇ ಕಡಿಮೆಯಾಗುತ್ತದೆ.

ಜಪಾನ್ ಈ ತೊಡಕನ್ನು ಚೆನ್ನಾಗಿ ಬಲ್ಲ ದೇಶ. ಅಲ್ಲಿನ ಮೊದಲ ಎಕ್ಸ್‌ಪ್ರೆಸ್‌ವೇ ಆದ ಮೇಶಿನ್ ರಸ್ತೆಯ ಮೊದಲ ಭಾಗ 1963ರಲ್ಲಿ ತೆರೆಯಿತು. ಆರಂಭದಿಂದಲೂ ಟೋಲ್ ಇದ್ದುದರಿಂದ ಇಂಟರ್‌ಚೇಂಜ್‌ಗಳ ನಡುವಿನ ಸರಾಸರಿ ಅಂತರ ಸುಮಾರು 10 ಕಿ.ಮೀ. ಆಯಿತು. ಅಮೆರಿಕ, ಯೂರೋಪಿನ ಶುಲ್ಕವಿಲ್ಲದ ರಸ್ತೆಗಳಿಗೆ ಹೋಲಿಸಿದರೆ ಇದು ಇಮ್ಮಡಿ. ನಡುವಿನ ಊರುಗಳು ರಸ್ತೆಯನ್ನು ಕಣ್ಣಾರೆ ಕಂಡರೂ ಬಳಸಲಾಗಲಿಲ್ಲ. 2001ರಲ್ಲಿ ವಿದ್ಯುನ್ಮಾನ ಟೋಲ್ ವ್ಯವಸ್ಥೆ ದೇಶದಾದ್ಯಂತ ಹರಡಿದ ಮೇಲೆ ಹೊಸ ದಾರಿ ಕಂಡಿತು. 2004ರಲ್ಲಿ ಪ್ರಯೋಗ ನಡೆಸಿ, 2006ರಿಂದ ‘ಸ್ಮಾರ್ಟ್ ಇಂಟರ್‌ಚೇಂಜ್’ಗಳನ್ನು ಕಾಯಂ ಆಗಿ ತೆರೆಯತೊಡಗಿದರು. ಉಪಕರಣ ಅಳವಡಿಸಿದ ವಾಹನಗಳಿಗೆ ಮಾತ್ರ ಪ್ರವೇಶವಿರುವ, ವಸೂಲಿಗಾರರು ಬೇಕಿಲ್ಲದ ಚಿಕ್ಕ ಬಾಗಿಲುಗಳಿವು. ಅನೇಕವು ಹೆದ್ದಾರಿ ಬದಿಯ ವಿಶ್ರಾಂತಿ ತಾಣಗಳಿಗೇ ಅಂಟಿಕೊಂಡಿರುವುದರಿಂದ ಹೊಸ ಜಮೀನು ಕಡಿಮೆ ಸಾಕು. ಇಂದು ಅಲ್ಲಿ ಇಂತಹ 150ಕ್ಕೂ ಹೆಚ್ಚು ಬಾಗಿಲುಗಳಿವೆ.

ತಂತ್ರಜ್ಞಾನಕ್ಕಿಂತ ಗಮನಾರ್ಹವಾದುದು ನಿರ್ಧಾರದ ಕ್ರಮ. ಬಾಗಿಲು ಬೇಕೆಂಬ ಬೇಡಿಕೆ ಸ್ಥಳೀಯ ಆಡಳಿತದಿಂದ ಬರುತ್ತದೆ. ಸ್ಥಳೀಯ ಸಂಸ್ಥೆ, ರಸ್ತೆ ಕಂಪನಿ ಮತ್ತು ಸರ್ಕಾರದ ಪ್ರತಿನಿಧಿಗಳಿರುವ ಸಮಿತಿ ಅದರ ಸಾಧಕ ಬಾಧಕಗಳನ್ನು ಅಳೆಯುತ್ತದೆ. ಕೂಡುರಸ್ತೆಯ ಹೊಣೆಯನ್ನು ಸ್ಥಳೀಯ ಆಡಳಿತ ಹೊರುತ್ತದೆ. ಅಂದರೆ ಬಾಗಿಲನ್ನು ಕೇಳಿದವರು ತಮ್ಮ ಕಡೆಯ ದಾರಿಯನ್ನು ಸಿದ್ಧಪಡಿಸಬೇಕು.

ನಮ್ಮಲ್ಲಿ ಫಾಸ್ಟ್ಯಾಗ್ 2021ರ ಫೆಬ್ರುವರಿಯಿಂದ ಕಡ್ಡಾಯವಾಗಿದೆ. ಬಾಗಿಲು ಕಿರಿದಾಗಲು, ಅಗ್ಗವಾಗಲು ಬೇಕಾದ ಉಪಕರಣ ಹೆಚ್ಚುಕಡಿಮೆ ಪ್ರತಿ ಲಾರಿಯ ಗಾಜಿನ ಮೇಲೂ ಅಂಟಿಕೊಂಡಿದೆ. ಬಳಕೆಯ ಯೋಚನೆ ಮಾತ್ರ ಇನ್ನೂ ದೊಡ್ಡ ಟೋಲ್ ಕೇಂದ್ರದ ಸುತ್ತಲೇ ತಿರುಗುತ್ತಿದೆ.

ಬಾಗಿಲು ಇಲ್ಲದೆಯೇ ಬದುಕಿದ ಊರೂ ಒಂದಿದೆ ಎಂಬುದನ್ನು ಇಲ್ಲಿ ಹೇಳಬೇಕು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬ್ರೀಜ್‌ವುಡ್‌ನಲ್ಲಿ ಟೋಲ್ ರಸ್ತೆಗೂ ಶುಲ್ಕವಿಲ್ಲದ ಅಂತರರಾಜ್ಯ ಹೆದ್ದಾರಿಗೂ ನೇರ ಸಂಪರ್ಕ ಕಲ್ಪಿಸಲಿಲ್ಲ. ಟೋಲ್ ರಸ್ತೆಗೆ ಕೂಡಿಸುವ ಕಾಮಗಾರಿಗೆ ಕೇಂದ್ರದ ಹಣ ಬಳಸುವುದಕ್ಕೆ 1956ರ ಕಾನೂನು ಷರತ್ತು ಹಾಕಿದ್ದೇ ಅದಕ್ಕೆ ಕಾರಣ. ಇಂದಿಗೂ ವಾಹನಗಳು ಊರಿನ ಸಿಗ್ನಲ್ ದಾಟಿಯೇ ಹೋಗಬೇಕು. ಆ ತುಂಡು ರಸ್ತೆಯ ಎರಡೂ ಬದಿ ಹೋಟೆಲು, ಪೆಟ್ರೋಲ್ ಬಂಕುಗಳೇ ತುಂಬಿವೆ. ಮದ್ದೂರಿನ ವ್ಯಾಪಾರಿಗಳು ಕೇಳಿದರೆ ಹೊಟ್ಟೆಕಿಚ್ಚು ಪಡಬೇಕಾದ ಸಂಗತಿ. ಆದರೆ ಅದು ಪ್ರಯಾಣಿಕರ ತೊಂದರೆಯ ಮೇಲೆ ನಿಂತ ಆದಾಯ. ಯಾವ ಸರ್ಕಾರವೂ ಉದ್ದೇಶಪೂರ್ವಕವಾಗಿ ಅಂತಹ ಯೋಜನೆ ಹಾಕಲಾರದು.

ಗಣಿಯೂರಿನ ಲೆಕ್ಕ

ಕೆಜಿಎಫ್‌ನ ಸ್ಥಿತಿ ಮದ್ದೂರಿಗಿಂತ ಭಿನ್ನ. ಅದು ಹೆದ್ದಾರಿಯ ಊರು ಎಂದೂ ಆಗಿರಲಿಲ್ಲ, ದಾರಿಹೋಕರ ವ್ಯಾಪಾರ ಕಳೆದುಕೊಳ್ಳುವ ಭಯ ಅದಕ್ಕಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಬೆಳೆದ, 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ ಕಂಡ ಈ ಊರು ಇಂದು ದಿನವೂ ಸಾವಿರಾರು ದುಡಿಯುವ ಕೈಗಳನ್ನು ರೈಲು ಹತ್ತಿಸಿ ಬೆಂಗಳೂರಿಗೆ ಕಳಿಸುತ್ತಿದೆ. ಮಾರಿಕುಪ್ಪಂನಿಂದ ಮುಂಜಾನೆ ಹೊರಟವರು ಮನೆ ಸೇರುವಾಗ ರಾತ್ರಿಯಾಗಿರುತ್ತದೆ. ಊರಿನಲ್ಲಿ ಜಮೀನಿದೆ, ಕೆಲಸ ಬಲ್ಲ ಜನರಿದ್ದಾರೆ, ಮಣ್ಣು ಅಗೆಯುವ ದೊಡ್ಡ ಯಂತ್ರಗಳನ್ನು ತಯಾರಿಸುವ ಬೆಮೆಲ್ ಕಾರ್ಖಾನೆಯಿದೆ. ಇಲ್ಲದಿರುವುದು ಹೊಸ ಉದ್ಯಮ.

ಎಕ್ಸ್‌ಪ್ರೆಸ್‌ವೇ ಊರಿನ ಒಳಗೆ ಬರುವುದಿಲ್ಲ. ಇಂಟರ್‌ಚೇಂಜ್‌ಗಳು ಮಾಲೂರು, ಬಂಗಾರಪೇಟೆ, ಬೇತಮಂಗಲದ ಕಡೆ ಇವೆ. ಒಂದು ಕಾಲದಲ್ಲಿ ಗಣಿಯೂರಿಗೆ ಪಾಲಾರ್ ನೀರು ಕೊಟ್ಟ ಬೇತಮಂಗಲ ರಾಬರ್ಟ್‌ಸನ್‌ಪೇಟೆಯಿಂದ ಹತ್ತು–ಹನ್ನೆರಡು ಕಿ.ಮೀ. ದೂರದಲ್ಲಿದೆ. ಕಾರ್ಖಾನೆ ಹಾಕುವವರು ಮೊದಲು ಕೇಳುವುದು ಈ ಹತ್ತು ಕಿ.ಮೀ. ಬಗ್ಗೆ. ನಲವತ್ತು ಅಡಿ ಕಂಟೇನರ್ ಹೊತ್ತ ಲಾರಿ ಹಳ್ಳಿಯ ತಿರುವುಗಳಲ್ಲಿ ತಿರುಗಬಲ್ಲುದೆ, ರೈಲ್ವೆ ಕೆಳಸೇತುವೆಯಲ್ಲಿ ತೂರಬಲ್ಲುದೆ ಎಂಬುದು ಅವರ ಚಿಂತೆ. ಎಕ್ಸ್‌ಪ್ರೆಸ್‌ವೇಯಲ್ಲಿ ಉಳಿಸಿದ ಅರ್ಧ ಗಂಟೆ ಈ ತುಂಡು ದಾರಿಯಲ್ಲಿ ಕರಗಿಹೋದರೆ ಹೊಸಕೋಟೆಯ ಸಮೀಪವೇ ಜಮೀನು ಕೊಳ್ಳುವುದು ಲೇಸೆಂದು ಅವರಿಗೆ ತೋರುವುದು ಸಹಜ.

ಜಿಲ್ಲೆಯ ಉಳಿದ ಭಾಗಕ್ಕೂ ಇದೇ ಮಾತು ಸಲ್ಲುತ್ತದೆ. ಟೊಮೆಟೊ ವಹಿವಾಟಿಗೆ ಹೆಸರಾದ ಕೋಲಾರದ ಎಪಿಎಂಸಿ ಇರುವುದು ಹಳೆಯ ರಾಷ್ಟ್ರೀಯ ಹೆದ್ದಾರಿಯ ಮೇಲೆ. ಅಲ್ಲಿನ ಸರಕು ಹೊಸ ರಸ್ತೆ ಹಿಡಿಯಬೇಕಾದರೆ ಬಂಗಾರಪೇಟೆಗೆ ಇಳಿಯಬೇಕು. ನರಸಾಪುರ, ವೇಮಗಲ್‌ನ ಕಾರ್ಖಾನೆಗಳಿಗೆ ಮಾಲೂರು ರಸ್ತೆಯೇ ಗತಿ. ಕೂಡುರಸ್ತೆಗಳು ಹಳೆಯ ಸ್ಥಿತಿಯಲ್ಲೇ ಉಳಿದರೆ ಎಕ್ಸ್‌ಪ್ರೆಸ್‌ವೇ ಜಿಲ್ಲೆಯ ನೆತ್ತಿಯ ಮೇಲೆ ಹಾದುಹೋದ ವಿಮಾನದಂತಾದೀತು.

ಹೊಣೆ ಹಂಚಿಹೋಗಿರುವುದೇ ಎಲ್ಲಕ್ಕಿಂತ ದೊಡ್ಡ ತೊಡಕು. ಎಕ್ಸ್‌ಪ್ರೆಸ್‌ವೇ ಮತ್ತು ಅದರ ಇಂಟರ್‌ಚೇಂಜ್ ಕೇಂದ್ರದ ಹೆದ್ದಾರಿ ಪ್ರಾಧಿಕಾರದ್ದು. ಬೇಲಿಯ ಆಚೆಗಿನ ರಸ್ತೆ ರಾಜ್ಯದ ಲೋಕೋಪಯೋಗಿ ಇಲಾಖೆಯದು. ಸುತ್ತಲಿನ ಜಮೀನಿನ ಬಳಕೆಯನ್ನು ನಿರ್ಧರಿಸುವುದು ನಗರಾಭಿವೃದ್ಧಿ ಮತ್ತು ಯೋಜನಾ ಪ್ರಾಧಿಕಾರಗಳು. ಕೈಗಾರಿಕಾ ಜಮೀನು ಕೆಐಎಡಿಬಿಗೆ ಸೇರಿದ ವಿಷಯ. ಗಣಿ ಸಂಸ್ಥೆಯ ಜಮೀನಿನ ಕೀಲಿಕೈ ದೆಹಲಿಯ ಗಣಿ ಸಚಿವಾಲಯದಲ್ಲಿದೆ. ಆ ಜಮೀನಿನ ಒಂದು ಭಾಗವನ್ನು ಕೈಗಾರಿಕೆಗೆ ಪಡೆಯುವ ಪ್ರಸ್ತಾಪ ವರ್ಷಗಳಿಂದ ಚರ್ಚೆಯಲ್ಲಿದೆ. 2024ರ ಜೂನ್‌ನಲ್ಲಿ ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ಹರಡಿರುವ ಸೈನೈಡ್ ದಿಬ್ಬಗಳಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾಪಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಈ ಐದೂ ಕಡೆಯವರು ಒಂದೇ ಮೇಜಿನ ಸುತ್ತ ಕೂರುವ ಜಪಾನಿನ ಸಮಿತಿಯಂತಹ ಕಾಯಂ ವ್ಯವಸ್ಥೆ ನಮ್ಮಲ್ಲಿಲ್ಲ.

ಯೋಜನೆ ತಡವಾದರೆ ಜಮೀನು ಕಾಯುವುದಿಲ್ಲ. ಇಂಟರ್‌ಚೇಂಜ್ ಎಲ್ಲಿ ಬರುತ್ತದೆಂದು ತಿಳಿದ ಕೂಡಲೇ ಮೊದಲು ಏಳುವುದು ಕಾರ್ಖಾನೆಯಲ್ಲ, ಬಣ್ಣದ ಕಲ್ಲು ನೆಟ್ಟ ಬಡಾವಣೆ. ಬೆಂಗಳೂರು–ಮೈಸೂರು ನಡುವೆ ಐದು ಹೊಸ ಪಟ್ಟಣಗಳನ್ನು ಕಟ್ಟುವ ಆಶಯದಿಂದ 1997ರಲ್ಲಿ ಆದ ನೈಸ್ ಯೋಜನೆಯ ಒಪ್ಪಂದ ಜಮೀನಿನ ವ್ಯಾಜ್ಯಗಳಲ್ಲಿ ಸಿಲುಕಿ, ಬಹುಮಟ್ಟಿಗೆ ರಾಜಧಾನಿಯ ಸುತ್ತಲಿನ ಟೋಲ್ ರಸ್ತೆಯಾಗಿ ಉಳಿದದ್ದು ಕಣ್ಣ ಮುಂದಿದೆ. ಬೇತಮಂಗಲದ ಬಾಗಿಲ ಬಳಿಯ ಜಮೀನು ನಿವೇಶನಗಳಾಗಿ ಹಂಚಿಹೋದ ಮೇಲೆ ಗೋದಾಮು, ಶೀತಲಗೃಹ, ಲಾರಿ ನಿಲ್ದಾಣಗಳಿಗೆ ಮತ್ತೆ ರೈತರ ಹೊಲವನ್ನೇ ಹುಡುಕಬೇಕಾಗುತ್ತದೆ.

ಶುಲ್ಕದ ವಿಷಯದಲ್ಲಿ ಜಿಲ್ಲೆಯ ಜನಪ್ರತಿನಿಧಿಗಳು ಎಚ್ಚರ ವಹಿಸಬೇಕಾದ ಒಂದು ಅಂಶವಿದೆ. ಈಗಿನ ನಿಯಮಗಳಲ್ಲಿ ಟೋಲ್ ಕೇಂದ್ರದಿಂದ 20 ಕಿ.ಮೀ. ಒಳಗಿನ ನಿವಾಸಿಗಳಿಗೆ ದೊರೆಯುವ ರಿಯಾಯಿತಿ ಮಾಸಿಕ ಪಾಸ್ ವಾಣಿಜ್ಯೇತರ ವಾಹನಗಳಿಗಷ್ಟೇ ಸೀಮಿತ. 2025ರ ಆಗಸ್ಟ್ 15ರಂದು 3,000 ರೂಪಾಯಿ ದರದಲ್ಲಿ ಜಾರಿಗೆ ಬಂದ ವಾರ್ಷಿಕ ಪಾಸ್ ಕೂಡ ಖಾಸಗಿ ಕಾರು, ಜೀಪು, ವ್ಯಾನುಗಳಿಗೆ ಮಾತ್ರ. ಟೊಮೆಟೊ ಹೊತ್ತ ಕ್ಯಾಂಟರ್‌ಗಾಗಲಿ, ಕೆಜಿಎಫ್‌ನಿಂದ ಬೆಂಗಳೂರಿಗೆ ಕಾರ್ಮಿಕರನ್ನು ಒಯ್ಯುವ ಬಸ್ಸಿಗಾಗಲಿ ಅವುಗಳಿಂದ ಒಂದು ರೂಪಾಯಿಯೂ ಉಳಿಯುವುದಿಲ್ಲ. ಸ್ಥಳೀಯ ಸರಕು ವಾಹನ ಮತ್ತು ಬಸ್ಸುಗಳಿಗೆ ಹತ್ತಿರದ ಇಂಟರ್‌ಚೇಂಜ್‌ನಲ್ಲಿ ರಿಯಾಯಿತಿ ನೀಡಬೇಕೆಂದು ಕೇಳುವುದಾದರೆ, ಕೇಂದ್ರದ ಹೆದ್ದಾರಿ ಸಚಿವಾಲಯದ ಬಾಗಿಲನ್ನೇ ತಟ್ಟಬೇಕಾಗುತ್ತದೆ.