ಕರಗದೆ ಆವಿಯಾಗುವ ಮಂಜುಗಡ್ಡೆ

ನೀರು ಘನ, ದ್ರವ, ಅನಿಲ ಎಂಬ ಮೂರೂ ಸ್ಥಿತಿಗಳಲ್ಲಿ ಏಕಕಾಲಕ್ಕೆ ಇರಬಲ್ಲ ತ್ರಿಕ ಬಿಂದುವಿನ ಒತ್ತಡ ಸುಮಾರು 611 ಪಾಸ್ಕಲ್, ಅಂದರೆ ವಾಯುಮಂಡಲದ ಒತ್ತಡದ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಅದಕ್ಕೂ ಕೆಳಗಿನ ಒತ್ತಡದಲ್ಲಿ ದ್ರವರೂಪಕ್ಕೆ ಎಡೆಯೇ ಇಲ್ಲವಾದ್ದರಿಂದ, ಶಾಖ ತಾಗಿದ ಮಂಜುಗಡ್ಡೆ ಕರಗದೆ ನೇರವಾಗಿ ಆವಿಯಾಗುತ್ತದೆ. ಉತ್ಪತನ ಎಂಬ ಈ ಕ್ರಿಯೆಯೇ ಆಹಾರವನ್ನು ಹೆಪ್ಪುಗಟ್ಟಿಸಿ ಒಣಗಿಸುವ ವಿಧಾನದ ಆಧಾರ.

ಸ್ಟ್ರಾಬೆರಿ ಹೋಳುಗಳನ್ನು ಗಟ್ಟಿಯಾಗಿ ಹೆಪ್ಪುಗಟ್ಟಿಸಿ, ಗಾಳಿ ಹೊರಗೆಳೆದ ಪೆಟ್ಟಿಗೆಯಲ್ಲಿಟ್ಟ ಬಳಿಕ ಅವುಗಳಿಗೆ ಶಾಖ ಕೊಡಲಾಗುತ್ತದೆ ಎಂಬುದು ಮೇಲ್ನೋಟಕ್ಕೆ ವಿಚಿತ್ರವೇ ಸರಿ. ಆದರೆ ಒಂದು ಕಿಲೋಗ್ರಾಂ ಮಂಜುಗಡ್ಡೆ ಆವಿಯಾಗಲು ಸುಮಾರು 2,800 ಕಿಲೋಜೂಲ್ ಶಕ್ತಿ ಬೇಕಾಗಿದ್ದು, ಅದು ಹೊರಗಿನಿಂದ ಒದಗದಿದ್ದರೆ ಹೋಳು ಮತ್ತಷ್ಟು ತಣ್ಣಗಾಗಿ ಉತ್ಪತನ ಕುಂಠಿತವಾಗುತ್ತದೆ. ಶಾಖ ಅತಿಯಾದರೋ, ಸಕ್ಕರೆ ತುಂಬಿದ ಒಳಹಂದರ ಮೆತ್ತಗಾಗಿ ಕುಸಿಯುತ್ತದೆ. ಅಷ್ಟು ಕಡಿಮೆ ಒತ್ತಡದಲ್ಲಿ ಆವಿಯ ಗಾತ್ರ ಅಗಾಧವಾಗಿರುವುದರಿಂದ ಅದನ್ನೆಲ್ಲ ಪಂಪಿನಿಂದ ಎಳೆಯುವ ಬದಲು, ಹೋಳಿಗಿಂತ ತಂಪಾದ ಕೊಳವೆಗಳ ಮೇಲೆ ಹಿಮವಾಗಿ ಹಿಡಿದಿಡಲಾಗುತ್ತದೆ.

ಹಿಮದ ಹರಳುಗಳಿದ್ದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳಷ್ಟೇ ಉಳಿಯುವುದರಿಂದ ಹೋಳು ಸುಕ್ಕುಗಟ್ಟದೆ ತನ್ನ ಆಕಾರವನ್ನು ಕಾಯ್ದುಕೊಳ್ಳುತ್ತದೆ. ಹರಳು ದೊಡ್ಡದಾದಷ್ಟೂ ಆವಿಗೆ ದಾರಿ ಸುಗಮ, ಆದರೆ ಹಣ್ಣಿನ ಜೀವಕೋಶಗಳಿಗೆ ಹಾನಿ ಹೆಚ್ಚು. ನೀರು ಬಿದ್ದೊಡನೆ ಹೀರಿಕೊಳ್ಳುವ ಅದೇ ರಂಧ್ರಗಳು ಗಾಳಿಯ ತೇವವನ್ನೂ ಬಿಡದ ಕಾರಣ, ಇಂಥ ಆಹಾರವನ್ನು ಗಾಳಿಯಾಡದ ಪೊಟ್ಟಣದಲ್ಲಿಯೇ ಇಡಬೇಕಾಗುತ್ತದೆ.