ಶಾಖದ ಇಮ್ಮುಖ

ಉರಿ ಹೆಚ್ಚಿಸಿದರೆ ಅಡುಗೆ ಬೇಗ ಆಗುತ್ತದೆಂಬುದು ಎಲ್ಲರ ಅನುಭವ. ಆದರೆ ಬೇಗ ಆಗುವುದೂ ಹೆಚ್ಚಾಗಿ ಆಗುವುದೂ ಒಂದೇ ಅಲ್ಲ. ರಸಾಯನಶಾಸ್ತ್ರದಲ್ಲಿ ಈ ಭೇದ ಎಷ್ಟು ಮುಖ್ಯವೆಂಬುದನ್ನು ಅಮೋನಿಯಾ ತಯಾರಿಕೆಯ ಕಥೆ ತಿಳಿಸುತ್ತದೆ.

ಗಾಳಿಯ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಸಾರಜನಕ. ಪೈರಿಗೆ ಅದು ಅತ್ಯಗತ್ಯ. ಆದರೆ ಗಾಳಿಯಿಂದ ನೇರವಾಗಿ ಅದನ್ನು ಹೀರಿಕೊಳ್ಳುವ ಶಕ್ತಿ ಪೈರಿಗಿಲ್ಲ. ಸಾರಜನಕವನ್ನು ಜಲಜನಕದೊಡನೆ ಸಂಯೋಗಗೊಳಿಸಿ ಅಮೋನಿಯಾ ಮಾಡಿದರೆ ಅದರಿಂದ ಗೊಬ್ಬರವನ್ನು ತಯಾರಿಸಬಹುದು.

ಈ ಕ್ರಿಯೆ ಎರಡು ದಿಕ್ಕಿನಲ್ಲಿಯೂ ನಡೆಯುತ್ತದೆ. ಅನಿಲಗಳು ಕೂಡಿ ಅಮೋನಿಯಾ ಆಗುತ್ತಿರುವಂತೆಯೇ, ಆದ ಅಮೋನಿಯಾ ಒಡೆದು ಮತ್ತೆ ಅವೇ ಅನಿಲಗಳಾಗುತ್ತದೆ. ಕೂಡುವ ವೇಗವೂ ಒಡೆಯುವ ವೇಗವೂ ಸಮನಾದಾಗ ಅಮೋನಿಯಾದ ಪ್ರಮಾಣ ಸ್ಥಿರವಾಗಿ ನಿಲ್ಲುತ್ತದೆ. ಇದೇ ರಾಸಾಯನಿಕ ಸಮತೋಲನ. ಒಳಹರಿವೂ ಹೊರಹರಿವೂ ಸಮವಾಗಿರುವ ಕೆರೆಯಲ್ಲಿ ನೀರಿನ ಮಟ್ಟ ಬದಲಾಗದು; ಆದರೂ ನೀರು ಹರಿಯುತ್ತಲೇ ಇರುತ್ತದೆ. ಇಲ್ಲಿಯೂ ಹಾಗೆಯೇ.

ಈ ಸಮತೋಲನವನ್ನು ಕಾಯಿಸಿದರೆ ಏನಾಗುತ್ತದೆ? ಫ್ರಾನ್ಸಿನ ವಿಜ್ಞಾನಿ ಹೆನ್ರಿ ಲ ಶಾತೆಲಿಯೆ 1884ರಲ್ಲಿ ಇದಕ್ಕೆ ಉತ್ತರವಾಗಬಲ್ಲ ತತ್ತ್ವವೊಂದನ್ನು ಮುಂದಿಟ್ಟನು. ಸಮತೋಲನಕ್ಕೆ ಹೊರಗಿನಿಂದ ಬದಲಾವಣೆ ಒದಗಿದಾಗ, ಅದು ಆ ಬದಲಾವಣೆಯನ್ನು ತಗ್ಗಿಸುವ ದಿಕ್ಕಿಗೆ ಸರಿಯುತ್ತದೆ. ಆದ್ದರಿಂದ ಶಾಖವನ್ನು ಕೊಟ್ಟರೆ, ಶಾಖವನ್ನು ಹೀರುವ ಕ್ರಿಯೆಯೇ ಮೇಲುಗೈ ಪಡೆಯುತ್ತದೆ. ಅಮೋನಿಯಾ ಆಗುವಾಗ ಶಾಖ ಹೊರಬೀಳುತ್ತದೆ, ಒಡೆಯುವಾಗ ಹೀರಲ್ಪಡುತ್ತದೆ. ಹೀಗಾಗಿ ಕಾಯಿಸಿದಷ್ಟೂ ಅಮೋನಿಯಾ ಕಡಿಮೆಯಾಗುತ್ತದೆ. 200 ವಾಯುಭಾರದ ಒತ್ತಡದಲ್ಲಿ, 400 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಿದ್ದರೆ ಸಮತೋಲನದ ಮಿಶ್ರಣದಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಅಮೋನಿಯಾ ಇರುತ್ತದೆ. 500 ಡಿಗ್ರಿಯಲ್ಲಿ ಐದರಲ್ಲೊಂದು ಪಾಲೂ ಇರದು.

ಹಾಗಾದರೆ ತಣ್ಣಗೆ ಇಡಬಾರದೇಕೆ? ತಂಪಿನಲ್ಲಿ ಸಾರಜನಕದ ಅಣುಗಳ ಬಿಗಿಬಂಧ ಸಡಿಲದು. ಕ್ರಿಯೆ ನಡೆಯಿತೆಂಬಷ್ಟೂ ನಡೆಯದು. ಬಿಸಿಯಾದರೆ ಫಲವಿಲ್ಲ, ತಂಪಾದರೆ ವೇಗವಿಲ್ಲ!

ಈ ಇಕ್ಕಟ್ಟಿಗೆ ಜರ್ಮನಿಯ ಫ್ರಿಟ್ಜ್ ಹೇಬರ್ 1909ರಲ್ಲಿ ದಾರಿ ತೋರಿದನು. ಅಧಿಕ ಒತ್ತಡದಿಂದ ಅವನು ಸಮತೋಲನವನ್ನು ಅಮೋನಿಯಾದ ಕಡೆಗೆ ಸರಿಸಿದನು; ಕ್ರಿಯಾವರ್ಧಕದಿಂದ ವೇಗವನ್ನು ಪಡೆದನು. ಕ್ರಿಯಾವರ್ಧಕ ಸಮತೋಲನವನ್ನು ಬದಲಿಸದು, ಅದನ್ನು ಬೇಗ ತಲುಪಿಸುತ್ತದೆ, ಅಷ್ಟೆ. ಆದ ಅಮೋನಿಯಾವನ್ನು ತಣಿಸಿ ದ್ರವವಾಗಿ ಬೇರ್ಪಡಿಸಿ, ಉಳಿದ ಅನಿಲಗಳನ್ನು ಮತ್ತೆ ಕ್ರಿಯೆಗೆ ಒಳಪಡಿಸಿದನು. ಕಾರ್ಲ್ ಬಾಷ್ ಈ ವಿಧಾನವನ್ನು ಬೃಹತ್ ಪ್ರಮಾಣಕ್ಕೆ ಏರಿಸಿದನು. 1913ರಲ್ಲಿ ಒಪ್ಪಾವ್‌ನಲ್ಲಿ ಕಾರ್ಖಾನೆ ಆರಂಭವಾಯಿತು. ಇಂದಿಗೂ ಸಾಮಾನ್ಯವಾಗಿ 400ರಿಂದ 500 ಡಿಗ್ರಿಗಳ ನಡುವಣ ಉಷ್ಣತೆಯನ್ನೇ ಬಳಸುತ್ತಾರೆ.

ಇದೇ ಅಮೋನಿಯಾ ಮೊದಲನೆಯ ಮಹಾಯುದ್ಧದಲ್ಲಿ ಸಿಡಿಮದ್ದಿಗೂ ಮೂಲವಾಯಿತು. ಇಂದು ಲೋಕದ ಸುಮಾರು ಅರ್ಧದಷ್ಟು ಜನರ ಅನ್ನಕ್ಕೆ ಇದರ ಗೊಬ್ಬರವೇ ಆಸರೆಯೆಂದು ಅಂದಾಜು. ನಿಸರ್ಗದ ನಿಯಮವನ್ನು ಮನುಷ್ಯನು ಮೀರಲಾರನು. ಅರಿತು ನಡೆದರೆ ಅದರಿಂದ ಫಲ ಪಡೆಯಬಲ್ಲನು. ಆ ಫಲವನ್ನು ಹೊಲಕ್ಕೆ ಒಯ್ಯಬೇಕೋ ರಣರಂಗಕ್ಕೋ ಎಂಬ ನಿರ್ಧಾರ ಮಾತ್ರ ಅವನದೇ.